ತಿರುಮಲಮ್ಮನ ತಾಮ್ರದ ಕಡಗ

ನಗು ಬಂದರೆ ನಗಿ. ಬರದಿದ್ದರೆ ಸುಮ್ಮನೆ ಕೂತು ಕೇಳಿ. ನಡುವೆ ಬಾಯಿ ಹಾಕಬೇಡಿ.

ಹುಣಸೆಕಟ್ಟೆ ಅಂತ ಒಂದು ಊರು. ಅಲ್ಲಿ ತಿರುಮಲಮ್ಮ ಅಂತ ಒಬ್ಬ ಬಳೆಗಾರ್ತಿ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬನೇ ಮಗ, ಓಬಳ. ಮೈ ಎತ್ತಿನ ಹಾಗೆ. ಮನಸ್ಸು ಹಾಲಿನ ಹಾಗೆ. ತಲೆ? ತಲೆಯ ವಿಚಾರ ಬೇಡ.

ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದಷ್ಟನ್ನೇ ಮಾಡುತ್ತಿದ್ದ. ಒಂದು ದಿನ ತಿರುಮಲಮ್ಮ, "ಓಬಾ, ಬೆಕ್ಕು ಬಂದರೆ ಕೋಲು ತೋರಿಸೋ" ಅಂದು ನೀರಿಗೆ ಹೋದಳು. ಬರುವಷ್ಟರಲ್ಲಿ ಹಾಲಿನ ಪಾತ್ರೆ ಖಾಲಿ. ಬೆಕ್ಕು ಮೂತಿ ನೆಕ್ಕಿಕೊಳ್ಳುತ್ತಿದೆ. ಓಬಳ ಕೋಲು ಹಿಡಿದು ಪಕ್ಕದಲ್ಲೇ ಕೂತಿದ್ದಾನೆ.

"ಅಯ್ಯೋ ಪೆದ್ದೇ! ಕೋಲು ತೋರಿಸಲಿಲ್ಲವೇನೋ?"

"ತೋರಿಸಿದೆ ಅವ್ವ. ಈ ತುದಿ ತೋರಿಸಿದೆ, ಆ ತುದಿ ತೋರಿಸಿದೆ. ಅದು ತಿರುಗಿ ಕೂಡ ನೋಡಲಿಲ್ಲ. ನೀನೇ ಹೇಳಿದ್ದಲ್ಲವೇನವ್ವ?"

ಇಂಥ ಮಗ. ತಿರುಮಲಮ್ಮ ಹಣೆ ಚಚ್ಚಿಕೊಂಡಳು. ಚಚ್ಚಿಕೊಂಡು, ಬಳೆಯ ಗಂಟು, ಅದೇ ಮಲಾರ, ಅವನ ಹೆಗಲಿಗೇರಿಸಿ, ಊರ ಮೇಲೆ ಹೊರಟಳು.

ಸುತ್ತಲ ಊರುಗಳ ಕೈಗೆಲ್ಲ ಬಳೆ ತೊಡಿಸಿದವಳು ಅವಳು. ಅವಳ ಕೈ ಮಾತ್ರ ಬರಿದು. ಗಂಡ ಸತ್ತವಳ ಕೈಯಿಂದ ಬಳೆ ತೊಡುವುದೇ ಅಂತ ಯಾರಾದರೂ ಮೂಗು ಮುರಿದರೆ, "ಹಾಗಾದರೆ ಬೇರೆ ಕಡೆ ತೊಟ್ಟುಕೋ ತಾಯಿ" ಅಂತ ಮಲಾರ ಕಟ್ಟುತ್ತಿದ್ದಳು. ಯಾರೂ ಹೋಗಲು ಬಿಡುತ್ತಿರಲಿಲ್ಲ. ಅವಳ ಬಾಯಲ್ಲಿ ಈ ಊರಿನ ಮಗಳಿಗೆ ಆ ಊರಿನ ತವರಿನ ಸುದ್ದಿ ಇರುತ್ತಿತ್ತು. ಅದು ಅಂಗಡಿಯಲ್ಲಿ ಸಿಗುತ್ತದೆಯೇ?

ಇಂಥವಳು ಒಂದು ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ದೊಪ್ಪನೆ ಬಿದ್ದಳು.

ಜನ ಮುತ್ತಿಕೊಂಡರು. "ಫಿಟ್ಸು! ಫಿಟ್ಸು! ಕಬ್ಬಿಣ ಹಿಡಿಸಿ! ಕೀಲಿ ತನ್ನಿ!" ಒಬ್ಬ ಮನೆ ಕೀಲಿ ಹಿಡಿಸಿದ. ಇನ್ನೊಬ್ಬ ಅಂಗಡಿ ಕೀಲಿ ಹಿಡಿಸಿದ. ಮತ್ತೊಬ್ಬ ಈರುಳ್ಳಿ ಜಜ್ಜಿ ಮೂಗಿಗೆ ತುರುಕಿದ. ತಿರುಮಲಮ್ಮ ಕಣ್ಣು ಬಿಟ್ಟಾಗ ಎರಡು ಕೈಯಲ್ಲೂ ಕೀಲಿ ಗೊಂಚಲು.

"ಫಿಟ್ಸು ನಿಮ್ಮಜ್ಜಿಗೆ! ತಲೆ ಸುತ್ತಿತು. ಬಿದ್ದೆ. ಎದ್ದೆ. ಅಷ್ಟೇ!"

ಎದ್ದು ನೋಡಿದರೆ ಓಬಳ ಎದುರು ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಾನೆ.

"ಮುಂಡೇದೇ! ಹೆತ್ತವ್ವ ಬಿದ್ದಿದ್ದಾಳೆ, ಬರಬಾರದೇನೋ?"

"ಮಲಾರ ಬಿಟ್ಟು ಅಲ್ಲಾಡಬೇಡ ಅಂದಿದ್ದೆ. ನೀನೇ ಹೇಳಿದ್ದಲ್ಲವೇನವ್ವ?"

ಸರಕಾರಿ ಆಸ್ಪತ್ರೆಯ ನರ್ಸ್ ಶಕೀಲಮ್ಮ ತಲೆ ತಡವಿ ನೋಡಿದಳು. ಪೆಟ್ಟು ಇರಲಿಲ್ಲ. ಬೈಗುಳ ಮಾತ್ರ ಇತ್ತು.

"ತಿರುಮಲಮ್ಮಾ, ನೀವು ರಕ್ತ ತೆಳುವಾಗೋ ಮಾತ್ರೆ ತಗೋತೀರಿ. ತಲೆಗೆ ಏಟು ಬಿದ್ದರೆ ಒಳಗೇ ರಕ್ತ ಸೋರುತ್ತೆ. ತಕ್ಷಣ ಆಸ್ಪತ್ರೆಗೆ ತರಬೇಕು. ಈರುಳ್ಳಿ ಹಿಡಿದು ಕೂತರೆ ಆಗುತ್ತಾ? ಜ್ಞಾನ ತಪ್ಪಿದರೆ ನೀವು ಹೇಳೋಕಾಗಲ್ಲ. ನಿಮ್ಮ ಪರವಾಗಿ ಮೈಮೇಲೆ ಬರಹ ಇರಬೇಕು. ಹೆಸರು, ಊರು, ಮಾತ್ರೆ, ಮನೆಯವರ ಫೋನು. ಕಂಡವರು ಓದಬೇಕು."

ಸುದ್ದಿ ಪೇಟೆಗೆ ಹೋಯಿತು. ಪೇಟೆಯಲ್ಲಿ ತಿರುಮಲಮ್ಮನ ಅಣ್ಣ ಇದ್ದ, ಮುದ್ದುವೀರಪ್ಪ. ಜವಳಿ ಅಂಗಡಿ, ದಪ್ಪ ಮೀಸೆ, ದೊಡ್ಡ ಗಂಟಲು. ಕಾರಿನಲ್ಲಿ ಬಂದ. ಕಾರಿನಿಂದ ಜಗುಲಿಯವರೆಗೆ ಗೋಡೆ ಹಿಡಿದುಕೊಂಡು ಬಂದ. ಯಾಕಣ್ಣ ಅಂದರೆ, "ಚಪ್ಪಲಿ ಹೊಸದು" ಅಂದ.

"ತಂಗೀ, ಸಾಕು ಮಾಡು. ಮುದ್ದುವೀರಪ್ಪನ ತಂಗಿ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದಳು ಅಂತ ಪೇಟೆಯೆಲ್ಲ ಆಡಿಕೊಳ್ತಿದೆ. ನನ್ನ ಮನೆಗೆ ಬಾ. ಕೋಣೆ ಖಾಲಿ ಮಾಡಿಸಿದ್ದೀನಿ. ಮಂಚ ಇದೆ. ಫ್ಯಾನಿದೆ. ಟೀವಿ ಇದೆ. ಇನ್ನೇನು ಬೇಕು?"

"ಬಾಗಿಲು?"

"ಬಾಗಿಲೂ ಇದೆ."

"ಚಿಲಕ ಎಲ್ಲಿದೆ, ಒಳಗೋ ಹೊರಗೋ?"

ಮುದ್ದುವೀರಪ್ಪ ಮೀಸೆ ತಡವಿದ. "ಹೊರಗೆ. ನಿನ್ನ ಒಳ್ಳೇದಕ್ಕೇ."

"ನಾನು ಬರಲ್ಲ."

"ಇನ್ನೊಂದು ಸಲ ಬಿದ್ದ ಸುದ್ದಿ ಬರಲಿ. ಹೊತ್ತುಕೊಂಡು ಹೋಗ್ತೀನಿ. ಹಿರಿಯ ನಾನು. ನನ್ನ ಮಾತೇ ಕೊನೆ."

ಗೋಡೆ ಹಿಡಿದುಕೊಂಡು ಹೊರಟುಹೋದ.

ತಿರುಮಲಮ್ಮ ಮಗನನ್ನು ಕೂಗಿದಳು. ಓಬಳನಿಗೆ ಅಕ್ಷರ ಬರುತ್ತಿತ್ತು. ಅದೊಂದು ಬಂದಿತ್ತು. "ಓಬಾ, ನರ್ಸಮ್ಮ ಹೇಳಿದ್ದು ಬರಿ. ನನ್ನ ಮೈಮೇಲೆ ಇರಬೇಕು. ಕಂಡವರೆಲ್ಲ ಓದೋ ಹಾಗಿರಬೇಕು."

"ಆಗಲಿ ಅವ್ವ."

ಮಾರನೇ ದಿನ ತಿರುಮಲಮ್ಮ ಪಕ್ಕದೂರು ಮರಡಿಪುರದ ಬೀದಿಯಲ್ಲಿ ಹೋಗುತ್ತಿದ್ದಾಳೆ. ಹಿಂದೆ ಜನ ಕಿಸಿಕಿಸಿ ನಗುತ್ತಾರೆ. ತಿರುಗಿದರೆ ಸುಮ್ಮನಾಗುತ್ತಾರೆ. ಮುಂದೆ ನಡೆದರೆ ಮತ್ತೆ ಕಿಸಿಕಿಸಿ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳು ಕೂಗಿದಳು: "ತಿರುಮಲಕ್ಕಾ, ರಕ್ತ ತೆಳ್ಳಗಾಗಿದೆಯಂತೆ! ಮುದ್ದೆ ಗಟ್ಟಿಯಾಗಿ ತಿರುವಿಕೊಂಡು ತಿನ್ನು!"

ತಿರುಮಲಮ್ಮ ಸೆರಗು ಎಳೆದು ನೋಡಿಕೊಂಡಳು. ಒಗೆದು ಹರವಿದ್ದ ಸೀರೆ, ನಸುಕಿನ ಕತ್ತಲಲ್ಲಿ ನೋಡದೆ ಉಟ್ಟಿದ್ದಳು. ಅದರ ಮೇಲೆ ಓಬಳ ಎತ್ತಿನ ಕೊಂಬಿಗೆ ಬಳಿಯುವ ಬಣ್ಣದಲ್ಲಿ ಬರೆದಿದ್ದ. ಒಂದೊಂದು ಅಕ್ಷರವೂ ಮೊರದಗಲ. ಭುಜದ ಮೇಲೆ ಹೆಸರು. ಬೆನ್ನ ಮೇಲೆ ಊರು, ರಕ್ತ ತೆಳುವಾಗೋ ಮಾತ್ರೆ. ಕೆಳಗೆ, ಸರಿಯಾಗಿ ಕೂರುವ ಜಾಗದಲ್ಲಿ, "ಬೀಳ್ತಾಳೆ".

"ಲೋ ಕೋಣಾ! ನಾನೇನು ಲಾರಿಯೇನೋ, ಹಿಂದೆ ಬರೆಯೋಕೆ?"

"ಕಂಡವರೆಲ್ಲ ಓದಬೇಕು ಅಂದೆ. ಓದಿದರಲ್ಲ! ನೀನೇ ಹೇಳಿದ್ದಲ್ಲವೇನವ್ವ?"

"ಚಿಕ್ಕದಾಗಿ ಬರಿಯೋ! ಚೀಟಿಯಲ್ಲಿ ಬರಿ. ಬೀಳೋರ ಕೊರಳಿಗೆ ಕಟ್ಟು. ಹಾಗೆ ಮಾಡಬೇಕು!"

"ಆಗಲಿ ಅವ್ವ. ಬೀಳೋರ ಕೊರಳಿಗೆ."

ಓಬಳ ಕೂತು ಚೀಟಿ ಬರೆದ. ಚಿಕ್ಕ ಚಿಕ್ಕ ಅಕ್ಷರ. ಬೇಕಾದಷ್ಟು ಚೀಟಿ. ಎಲ್ಲದರಲ್ಲೂ ಅವ್ವ ಹೇಳಿಕೊಟ್ಟ ಒಂದೇ ಬರಹ: ತಿರುಮಲಮ್ಮ, ಹುಣಸೆಕಟ್ಟೆ, ರಕ್ತ ತೆಳುವಾಗುವ ಮಾತ್ರೆ, ಮಗ ಓಬಳನಿಗೆ ಫೋನ್ ಮಾಡಿ, ಕೆಳಗೆ ಅವನ ನಂಬರು. ಆಮೇಲೆ ಬೀಳುವವರನ್ನು ಹುಡುಕಿಕೊಂಡು ಹೊರಟ.

ಹೋಟೆಲಿನ ಈರಮ್ಮನ ಮಗು ಎದ್ದು ನಿಲ್ಲುವುದು, ಬೀಳುವುದು ಮಾಡುತ್ತಿತ್ತು. ಕಟ್ಟಿದ. ಆಗತಾನೆ ಹುಟ್ಟಿದ ಕರು ತಟ್ಟಾಡುತ್ತಿತ್ತು. ಕಟ್ಟಿದ. ಕುಡುಕ ಚಿಕ್ಕೀರಯ್ಯ ಹೆಂಡದಂಗಡಿಯಿಂದ ಬರುತ್ತಿದ್ದ. ಕಟ್ಟಿದ. ಚಿಕ್ಕೀರಯ್ಯ ಹೂವಿನ ಹಾರ ಅಂದುಕೊಂಡು ಕೈ ಮುಗಿದ.

ಸಂಜೆ ತಿರುಮಲಮ್ಮ ಒಲೆ ಮುಂದೆ ಕೂತಿದ್ದಾಳೆ. ಪಕ್ಕದಲ್ಲಿ ಓಬಳ. ಫೋನು ಬಂತು.

"ಹಲೋ! ಓಬಳನಾ? ನಿಮ್ಮ ತಾಯಿ ತಿರುಮಲಮ್ಮ ಇಲ್ಲಿ ಮೋರಿಯಲ್ಲಿ ಬಿದ್ದಿದ್ದಾರೆ!"

"ಅಯ್ಯೋ! ಹೇಗಿದ್ದಾರೆ?"

"ಮೀಸೆಯೆಲ್ಲ ಕೆಸರು! ಹಾಡು ಹೇಳ್ತಾ ಇದ್ದಾರೆ! ಬೇಗ ಬನ್ನಿ!"

ಓಬಳ ಅವ್ವನ ಮುಖ ನೋಡಿದ. ಮೇಲಿಂದ ಕೆಳಗೆ ನೋಡಿದ. "ಅವ್ವ, ನೀನು ಮೋರಿಯಲ್ಲಿ ಬಿದ್ದಿದ್ದೀಯಂತೆ. ನಿನಗೆ ಮೀಸೆ ಬೇರೆ ಇದೆಯಂತೆ."

ಆ ಸುದ್ದಿಯೂ ಪೇಟೆಗೆ ಹೋಯಿತು. ಬೆಳಗಾಗುತ್ತಲೇ ಮುದ್ದುವೀರಪ್ಪನ ಕಾರು ಬಂತು. ನೋಡಿದರೆ ತಿರುಮಲಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಾಳೆ.

"ಬಿದ್ದೆಯಂತೆ?"

"ಬಿದ್ದದ್ದು ಚಿಕ್ಕೀರಯ್ಯ. ಬೇಕಿದ್ದರೆ ಅವನನ್ನು ಕರಕೊಂಡು ಹೋಗಿ ಫ್ಯಾನಿನ ಕೆಳಗೆ ಮಲಗಿಸಿಕೋ."

ಮುದ್ದುವೀರಪ್ಪ ಹಲ್ಲು ಕಡಿದು, ಗೋಡೆ ಹಿಡಿದು, ಕಾರು ಹತ್ತಿದ.

"ಲೋ ಓಬಾ! ಎಲ್ಲರ ಕೊರಳಿಗೂ ನನ್ನ ಹೆಸರೇನೋ?"

"ಬೀಳೋರ ಕೊರಳಿಗೆ ಅಂದೆ. ನೀನೇ ಹೇಳಿದ್ದಲ್ಲವೇನವ್ವ?"

"ಚೀಟಿ ಬೇಡ. ಕೊರಳೂ ಬೇಡ. ಕೊರಳಿಗೆ ಕಟ್ಟೋದು ದನಕ್ಕೆ. ನಾನು ಬಳೆಗಾರ್ತಿ. ನನ್ನ ಹೆಸರು ನನ್ನ ಕೈಮೇಲೆ ಇರಲಿ."

ತಿರುಮಲಮ್ಮ ಕಂಚುಗಾರ ಮೌನಾಚಾರಿಯ ಹತ್ತಿರ ಹೋದಳು. ಅಗಲವಾದ ತಾಮ್ರದ ಕಡಗ ಹೇಳಿದಳು. ಮೇಲೆ ಚೀಟಿಯ ಬರಹವನ್ನೇ ನಂಬರಿನ ಸಮೇತ ಕೊರೆಯಬೇಕು. ಆಚಾರಿ ಅಳತೆ ಕೇಳಲಿಲ್ಲ. "ಬಳೆಗಾರ್ತಿಯ ಕೈ ನನಗೆ ಗೊತ್ತಿಲ್ಲವಾ?" ಅಂದ. ಮಾಡಿದ್ದು ಮೊಣಕೈವರೆಗೂ ಜಾರಿತು. ಬೈಸಿಕೊಂಡು ಇನ್ನೊಂದು ಮಾಡಿಕೊಟ್ಟ. ಅದು ಸರಿಯಾಗಿ ಕೂತಿತು. ಅದೇ ಬರಹ ಕೊರೆದಿದ್ದ ದೊಡ್ಡದನ್ನು ಓಬಳ ಮಲಾರದ ಚೀಲಕ್ಕೆ ಹಾಕಿದ.

ಗಂಡ ಹೋದ ಮೇಲೆ ಆ ಕೈಗೆ ಏರಿದ್ದು ಅದೊಂದೇ. ಮರಡಿಪುರದ ಗೌಡತಿ ನೋಡಿ ಗಲ್ಲಕ್ಕೆ ಬೆರಳಿಟ್ಟಳು. "ಇದೇನೇ ತಿರುಮಲಮ್ಮ, ಈ ವಯಸ್ಸಿನಲ್ಲಿ ಬಳೆ?"

"ಬಳೆ ಅಲ್ಲ ಗೌಡತೀ, ವಿಳಾಸ. ಬಿದ್ದರೆ ನನ್ನ ಬದಲು ಇದು ಮಾತಾಡುತ್ತೆ. ನಿಂತಿರೋವಾಗ ನಾನೇ ಮಾತಾಡ್ತೀನಿ. ಕೈ ನೀಡು."

ಗೌಡತಿ ಕೈ ನೀಡಿದಳು. ಬಳೆ ತೊಡುತ್ತ ತೊಡುತ್ತ ಬಾಗಿಲ ಕಡೆ ನೋಡಿ, ಸೊಸೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಪಿಸುಗುಟ್ಟಿದಳು: "ನನಗೂ ಒಂದು ಮಾಡಿಸೇ. ಮೊನ್ನೆ ಬಚ್ಚಲಲ್ಲಿ ನಾನೂ ಬಿದ್ದೆ. ಯಾರಿಗೂ ಹೇಳಿಲ್ಲ."

ನರ್ಸಮ್ಮ ಕಡಗ ಓದಿ ಮೆಚ್ಚಿದಳು. "ಇದರ ಜೊತೆಗೆ ಒಂದು ಸೀಟಿ ಇಟ್ಕೊಳ್ಳಿ. ಬಿದ್ದಲ್ಲಿಂದ ಕೂಗೋಕೆ ಶಕ್ತಿ ಇರಲ್ಲ. ಊದಿದರೆ ಮಗ ಬರಲಿ."

ತಿರುಮಲಮ್ಮ ಸೀಟಿ ಕೊಂಡು ಸೊಂಟಕ್ಕೆ ಸಿಕ್ಕಿಸಿದಳು. "ಓಬಾ, ಸೀಟಿ ಕೇಳಿಸಿತೋ, ಯಾರೋ ಬಿದ್ದಿದ್ದಾರೆ ಅಂತ ತಿಳಿ. ಕೈಯಲ್ಲಿದ್ದದ್ದು ಬಿಟ್ಟು ಓಡು!"

"ಆಗಲಿ ಅವ್ವ."

ಬೆಳಗ್ಗೆ ಪಟೇಲರ ಅಡಿಗೆಮನೆಯಲ್ಲಿ ಸೀಟಿ ಆಯಿತು. ಓಬಳ ಹಿತ್ತಲಿಂದ ನುಗ್ಗಿದ. "ಯಾರು ಬಿದ್ದರು? ಯಾರು ಬಿದ್ದರು?"

"ಯಾರೂ ಬಿದ್ದಿಲ್ಲ ಕಣೋ! ಕುಕ್ಕರು! ಬೇಳೆ ಬೇಯ್ತಿದೆ!"

ಅಲ್ಲಿಂದ ಓಡಿಸಿದರು. ಬಾಗಿಲು ದಾಟುವಷ್ಟರಲ್ಲಿ ಮತ್ತೆ ಸೀಟಿ. ಮತ್ತೆ ನುಗ್ಗಿದ. ಸೌಟಿನಲ್ಲಿ ಬಾರಿಸಿದರು. ಬೀದಿಗೆ ಬಂದ. ಬಸ್ಸಿನ ಕಂಡಕ್ಟರು ಸೀಟಿ ಊದಿದ. ಓಬಳ ಬಸ್ಸಿನ ಹಿಂದೆ ಓಡಿದ. "ಯಾರು ಬಿದ್ದರು? ಯಾರು ಬಿದ್ದರು?" ಒಳಗಿದ್ದವರು ಹೆದರಿ ಕಿಟಕಿಯಿಂದ ಕೆಳಗೆ ನೋಡಿದರು. ನಿಲ್ಲಿಸಲು ಕಂಡಕ್ಟರು ಸೀಟಿ ಊದಿದ. ಓಬಳ ಜೋರಾಗಿ ಓಡಿದ. ಹೊರಡಲು ಊದಿದ. ಇನ್ನೂ ಜೋರಾಗಿ ಓಡಿದ. ಬಸ್ಸು ಪೇಟೆಯ ಕಡೆ ಹೋಯಿತು. ಓಬಳನೂ ಹೋದ.

ಅವತ್ತೇ, ಹೊಂಗೆ ತೋಪಿನ ದಾರಿಯಲ್ಲಿ ತಿರುಮಲಮ್ಮ ಬಿದ್ದಳು.

ಸೀಟಿ ಊದಿದಳು. ಕಾಗೆ ಹಾರಿಹೋಯಿತು. ಮತ್ತೆ ಊದಿದಳು. ಯಾರೂ ಬರಲಿಲ್ಲ. ತಲೆ ತಡವಿಕೊಂಡಳು. ಪೆಟ್ಟಾಗಿರಲಿಲ್ಲ. ಮೊಣಕೈ ತರಚಿತ್ತು. ಮಣ್ಣಿನ ಮೇಲೆ ಹಾಗೇ ಕೂತಳು. ಅಣ್ಣನ ಮನೆಯ ಕೋಣೆ ಕಣ್ಣ ಮುಂದೆ ಬಂತು. ಹೊರಗಿನ ಚಿಲಕ ಬಂತು. ಗೌರಿ ಹಬ್ಬ ಹತ್ತಿರವಿತ್ತು. ಹೆಣ್ಣುಮಕ್ಕಳು ಕೈ ತೊಳೆದುಕೊಂಡು ದಾರಿ ಕಾಯುತ್ತಿರುತ್ತಾರೆ. ತಾನು ಟೀವಿ ನೋಡುತ್ತ ಕೂರಬೇಕು.

"ಕೂರಲ್ಲ" ಅಂದಳು ಕಾಗೆಗೆ.

ಹೊಂಗೆಯ ಬೊಡ್ಡೆ ಹಿಡಿದಳು. ಬಿಟ್ಟಳು. ಮತ್ತೆ ಹಿಡಿದಳು. ಎದ್ದಳು. "ಬಿದ್ದೆ. ಎದ್ದೆ. ಅಷ್ಟೇ."

ಓಬಳ ಸಂಜೆಗೆ ಬಂದ. ಕಾಲು ಊದಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೆಯೋ?"

"ಪೇಟೆಗೆ ಅವ್ವ. ದಾರಿಯುದ್ದಕ್ಕೂ ಬೀಳ್ತಾನೇ ಇದ್ದರು. ಒಬ್ಬರೂ ಸಿಗಲಿಲ್ಲ. ನೀನೇ ಹೇಳಿದ್ದಲ್ಲವೇನವ್ವ?"

ತಿರುಮಲಮ್ಮನಿಗೆ ಬೈಯಲೂ ತ್ರಾಣವಿರಲಿಲ್ಲ. ಬೆಳಗ್ಗೆ ನರ್ಸಮ್ಮನ ಹತ್ತಿರ ಕರಕೊಂಡು ಹೋದಳು. ಸಾಲಿನಲ್ಲಿದ್ದವರೆಲ್ಲ ಕಿವಿ ಚಾಚಿದರು. ನರ್ಸಮ್ಮ ಮೊಣಕೈಗೆ ಪಟ್ಟಿ ಕಟ್ಟಿ, ಓಬಳನ ಕಡೆ ತಿರುಗಿದಳು.

"ಸೀಟಿ ಹಿಂದೆ ಓಡಬೇಡ. ಅಮ್ಮನ ಹಿಂದೆ ಇರು. ಬಿದ್ದವರನ್ನು ಎಳೆದಾಡಬೇಡ. ಮೊದಲು ಕೈ ನೋಡು. ಕಡಗದಲ್ಲಿ ಏನಿದೆಯೋ ಅದೇ ನಿಜ. ಅದರಲ್ಲಿರೋ ಹಾಗೆ ಮಾಡು. ಪೆಟ್ಟು ತಿಂದ ಬಾಯಿ ಏನೇನೋ ಹೇಳುತ್ತೆ, ಅದನ್ನ ನಂಬಬೇಡ."

"ಆಗಲಿ ನರ್ಸಮ್ಮ. ಬಾಯಿ ನಂಬಬಾರದು. ಕಡಗ ನಂಬಬೇಕು."

ಸಾಲಿನಲ್ಲಿ ಕಿವಿ ಚಾಚಿದವರು ಸುಮ್ಮನಿರುತ್ತಾರೆಯೇ? ಮಾರನೇ ದಿನ ಮುದ್ದುವೀರಪ್ಪ ಬಂದ. ಜಗುಲಿ ಹತ್ತಿ ನಿಂತು ಗುಡುಗಿದ.

"ಈ ಸಲ ಚಿಕ್ಕೀರಯ್ಯ ಅಲ್ಲ ತಾನೇ? ಗಂಟು ಕಟ್ಟು!"

"ಬಿದ್ದೆ. ಎದ್ದೆ. ಅಷ್ಟೇ. ಗಂಟು ಕಟ್ಟಲ್ಲ. ಮರಡಿಪುರಕ್ಕೆ ಹೊರಟಿದ್ದೀನಿ."

"ಓಬಾ, ಬಾ ಇಲ್ಲಿ! ನಿಮ್ಮವ್ವನಿಗೆ ಬುದ್ಧಿ ಇಲ್ಲ. ನೀನು ಕೇಳು. ಬಿದ್ದವರನ್ನು ಏನು ಮಾಡಬೇಕು? ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಬೇಕು. ಅತ್ತರೂ ತೆಗೀಬಾರದು, ಬೈದರೂ ತೆಗೀಬಾರದು. ಅವರ ಒಳ್ಳೇದಕ್ಕೇ. ತಿಳೀತಾ?"

"ತಿಳೀತು ಮಾವ."

"ಹೇಳು ನೋಡೋಣ."

"ಬಿದ್ದವರನ್ನು ಕೋಣೆಯಲ್ಲಿ ಕೂರಿಸಬೇಕು. ಚಿಲಕ ಹಾಕಬೇಕು. ಅತ್ತರೂ ತೆಗೀಬಾರದು, ಬೈದರೂ ತೆಗೀಬಾರದು."

"ಭೇಷ್! ನಿಮ್ಮವ್ವನಿಗಿಂತ ನೀನೇ ಜಾಣ!" ಅಂದು ಮುದ್ದುವೀರಪ್ಪ ಜಗುಲಿ ಇಳಿದ. ಖುಷಿಯಲ್ಲಿ ಗೋಡೆ ಹಿಡಿಯುವುದನ್ನು ಮರೆತ. ಕಾಲು ಮಡಚಿಕೊಂಡಿತು. ಅಂಗಳದಲ್ಲಿ ದೊಪ್ಪನೆ ಕುಸಿದ.

"ಬಿದ್ದಿಲ್ಲ! ನಾನು ಬಿದ್ದಿಲ್ಲ! ಕೂತೆ!"

ಓಬಳ ಹತ್ತಿರ ಹೋದ. ಬಲಗೈ ನೋಡಿದ. ಎಡಗೈ ನೋಡಿದ. "ಕೈ ಖಾಲಿ ಇದೆ. ನೀವು ಯಾರು?"

"ನಿಮ್ಮ ಮಾವ ಕಣೋ! ಮುದ್ದುವೀರಪ್ಪ!"

"ಬಾಯಿ ನಂಬಬಾರದು" ಅಂದ ಓಬಳ. ಎಳೆಯಲಿಲ್ಲ. ಎತ್ತಿದ. ಮಲಾರದ ಹಾಗೆ ಹೆಗಲಿಗೇರಿಸಿಕೊಂಡು ಬಳೆ ಇಡುವ ಕೋಣೆಗೆ ಒಯ್ದ. ಮಂಚದ ಮೇಲೆ ಕೂರಿಸಿದ. ಹೊರಗೆ ಬಂದ. ಚಿಲಕ ಹಾಕಿದ.

ಒಳಗಿನಿಂದ ಬಾಗಿಲು ಬಡಿತ. "ತೆಗಿಯೋ ಕತ್ತೇ! ತೆಗಿಯೋ!"

"ಬೈದರೂ ತೆಗೀಬಾರದು."

"ತೆಗಿಯಪ್ಪಾ, ಉಸಿರು ಕಟ್ಟುತ್ತೆ!"

"ಅತ್ತರೂ ತೆಗೀಬಾರದು. ನೀವೇ ಹೇಳಿದ್ದಲ್ಲವೇ ಮಾವ?"

ತಿರುಮಲಮ್ಮ ಬಾಗಿಲ ಹತ್ತಿರ ಬಂದಳು. ಚಿಲಕಕ್ಕೆ ಕೈ ಹಾಕಲಿಲ್ಲ. ಸೆರಗು ಸಿಕ್ಕಿಸಿ ಹೊಸ್ತಿಲ ಮುಂದೆ ಕೂತಳು.

"ಅಣ್ಣಾ, ಏಟಾಯಿತೇ?"

"ಏಟಿಲ್ಲ! ತೆಗೆಸು!"

"ಯಾಕಣ್ಣ? ಮಂಚ ಇದೆ. ಗಾಳಿ ಇದೆ. ಇನ್ನೇನು ಬೇಕು?"

"ಬಾಗಿಲು ಬೇಕು ಕಣೇ! ಬಾಗಿಲು!"

ಆಮೇಲೆ ತಿರುಮಲಮ್ಮ ಮೆಲ್ಲಗೆ ಕೇಳಿದಳು. "ಚಪ್ಪಲಿ ಹೊಸದಲ್ಲ, ಅಲ್ಲವೇ ಅಣ್ಣ?"

ಒಳಗೆ ಇನ್ನೂ ಮೆಲ್ಲಗೆ ಉತ್ತರ ಬಂತು. "ಅಂಗಡಿಯಲ್ಲಿ ಬಿದ್ದೆ. ಗೋದಾಮಿನಲ್ಲೂ ಬಿದ್ದೆ. ಮಗನಿಗೆ ಗೊತ್ತಿಲ್ಲ. ಗೊತ್ತಾದರೆ ಆ ಕೋಣೆಗೆ ನನ್ನನ್ನೇ ಹಾಕ್ತಾನೆ."

"ಹಾಗಿದ್ದರೆ ನಿನ್ನ ಮಾತು ನೀನೇ ತಿದ್ದು. ನಾನು ಹೇಳಿದರೆ ಇವನು ಕೇಳಲ್ಲ. ಹಿರಿಯನ ಮಾತೇ ಕೊನೆ."

ಮುದ್ದುವೀರಪ್ಪ ಗಂಟಲು ಸರಿಮಾಡಿಕೊಂಡ. ಮನೆ ಅದುರುವ ಹಾಗೆ ಕೂಗಿದ. "ಓಬಾ! ಬಿದ್ದವರನ್ನು ಕೂಡಿಹಾಕಬಾರದು! ಕೈಗೊಂದು ಕಡಗ ತೊಡಿಸಬೇಕು! ನಡೆಯೋಕೆ ಬಿಡಬೇಕು! ಯಾರು ತಡೆದರೂ ನಿಲ್ಲಿಸಬಾರದು!"

"ಆಗಲಿ ಮಾವ."

ಚಿಲಕ ತೆಗೆದ. ಮಲಾರದ ಚೀಲಕ್ಕೆ ಕೈ ಹಾಕಿ, ಸಿಕ್ಕಿದ ಆ ದೊಡ್ಡ ಕಡಗ ಮಾವನ ಕೈಗೆ ತೊಡಿಸಿದ. ಅಳತೆ ಮಾಡಿಸಿದ ಹಾಗಿತ್ತು.

"ನಡೀರಿ ಮಾವ."

"ಹೂಂ, ಕಾರಿನವರೆಗೆ ಕೈ ಕೊಡು."

ಓಬಳ ಕೈ ಕೊಟ್ಟ. ಕಾರಿನವರೆಗೆ ನಡೆಸಿದ. ಕಾರು ದಾಟಿಸಿ ಮುಂದಕ್ಕೂ ನಡೆಸಿದ.

"ಲೋ! ಕಾರು! ನನ್ನ ಕಾರು! ನಿಲ್ಲಿಸೋ!"

"ಯಾರು ತಡೆದರೂ ನಿಲ್ಲಿಸಬಾರದು. ನೀವೇ ಹೇಳಿದ್ದಲ್ಲವೇ ಮಾವ?"

"ಓಬಾ, ನಿಧಾನವಾಗಿ. ಹಿರಿಯ ಕಾಲು" ಅಂದಳು ತಿರುಮಲಮ್ಮ. ಅಷ್ಟೇ ಅಂದಳು. ಮುಂದೆ ತಿರುಮಲಮ್ಮ. ಹಿಂದೆ ಮಾವನ ತೋಳು ಬಿಗಿಯಾಗಿ ಹಿಡಿದ ಓಬಳ. ಅವರ ಹಿಂದೆ ಹಾರ್ನ್ ಹೊಡೆಯುತ್ತ ಖಾಲಿ ಕಾರು ಮತ್ತು ಡ್ರೈವರು. ಹೀಗೆ ಮರಡಿಪುರ ಸೇರಿದರು.

"ಬಳೆಗಾರ್ತಿ ಬಂದಳು! ಬಳೆಗಾರ್ತಿ ಬಂದಳು!" ಹೆಂಗಸರು ಓಡಿ ಬಂದರು. ಮುದ್ದುವೀರಪ್ಪ ಗೌಡರ ಜಗುಲಿಯ ಮೇಲೆ ಉಸ್ಸೆಂದು ಕುಸಿದು ಕೂತ. ಗೌಡತಿ ನೋಡಿದಳು. "ಪಾಪ, ಯಾರೇ ಇವರು?"

ತಿರುಮಲಮ್ಮ ಬಾಯಿ ತೆರೆದಳು. ಓಬಳ ತಡೆದ. "ನೀನೂ ಬಿದ್ದವಳೇ ಅವ್ವ. ಬಾಯಿ ನಂಬಬಾರದು. ಕಡಗ ಓದಬೇಕು."

ಮಾವನ ಕೈ ಎತ್ತಿ ಹಿಡಿದು, ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಓದಿದ.

"ಇವರು ತಿರುಮಲಮ್ಮ. ಊರು ಹುಣಸೆಕಟ್ಟೆ. ರಕ್ತ ತೆಳುವಾಗುವ ಮಾತ್ರೆ ತಗೋತಾರೆ."

"ನಾನು ಮುದ್ದುವೀರಪ್ಪ ಕಣೋ!"

"ಕೇಳಿದಿರಾ? ತನ್ನ ಹೆಸರೇ ಮರೆತುಹೋಗಿದೆ! ತಲೆಗೇ ಪೆಟ್ಟಾಗಿದೆ!" ಓಬಳ ಗಾಬರಿಯಾಗಿ ಮತ್ತೆ ಕಡಗ ನೋಡಿದ. "ಮಗ ಓಬಳನಿಗೆ ಫೋನ್ ಮಾಡಿ ಅಂತ ಬರೆದಿದೆ. ತಾಳಿ, ಮಾಡ್ತೀನಿ."

ಜೇಬಿನಿಂದ ತನ್ನ ಫೋನು ತೆಗೆದ. ಕಡಗ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದ. ಕಿವಿಗಿಟ್ಟ. ಮತ್ತೆ ಒತ್ತಿದ. ಮತ್ತೆ ಕಿವಿಗಿಟ್ಟ. ಅದೇ ಎಂಗೇಜ್ ಸದ್ದು. ಆ ಹೊತ್ತಿಗೆ ತಿರುಮಲಮ್ಮ ಮಲಾರ ಬಿಚ್ಚಿ, ಗೌಡತಿಯ ಮುಂಗೈ ಹಿಡಿದು, ಹಸಿರು ಬಳೆ ಏರಿಸುತ್ತಿದ್ದಳು.

"ಅವ್ವ!" ಓಬಳ ಸಿಟ್ಟಿನಿಂದ ಕೂಗಿದ. "ಈ ಓಬಳ ಅನ್ನೋನು ಯಾರ ಜೊತೆಗೋ ಮಾತಾಡ್ತಾನೇ ಇದ್ದಾನೆ ಅವ್ವ! ಹೆತ್ತವ್ವ ಇಲ್ಲಿ ಬಿದ್ದಿದ್ದಾಳೆ, ಅವನಿಗೆ ಜವಾಬ್ದಾರಿಯೇ ಇಲ್ಲ!"